ಬಂದದ್ದನ್ನು ಬರಿ

ಪ್ರಯೋಗದ ಪುಸ್ತಕದಲ್ಲಿ ಮಕ್ಕಳು ಬರೆಯುವ ಸಣ್ಣ ಸುಳ್ಳುಗಳನ್ನು ಮೂವತ್ತು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಮಸೂರದ ಪೊಟ್ಟಣದ ಮೇಲೆ ಸಂಗಮದೂರ 10 ಸೆಂ.ಮೀ. ಎಂದಿರುತ್ತದೆ. ಅಳೆದಾಗ 10.6 ಬಂದರೂ ಪುಸ್ತಕದಲ್ಲಿ 10 ಎಂದೇ ಇಳಿಯುತ್ತದೆ. ನಾನೂ ನೋಡಿಯೂ ನೋಡದವನಂತೆ ಕೆಂಪು ಶಾಯಿಯಲ್ಲಿ ಸಹಿ ಹಾಕಿದ್ದುಂಟು. ಅದೆಷ್ಟು ಅಪಾಯದ ಅಭ್ಯಾಸವೆಂದು ನನಗೆ ಅರಿವಾದದ್ದು ಶಾಲೆಯಲ್ಲಲ್ಲ, ನಮ್ಮ ಮನೆಯ ಊಟದ ಮೇಜಿನ ಮುಂದೆ.

2022ರಲ್ಲಿ ನನ್ನ ಮಗಳಿಗೆ ಹೆಣ್ಣುಮಗು ಹುಟ್ಟಿತು. ಎರಡನೆಯ ದಿನವೇ ತುಟಿ ನೀಲಿಗಟ್ಟಿತು. ಹೃದಯದ ಬಲಭಾಗದಲ್ಲಿ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ತೆರೆಯಬೇಕಾದ ಕವಾಟವೇ ಬೆಳೆದಿರಲಿಲ್ಲ. ಒಂದು ಶಸ್ತ್ರಚಿಕಿತ್ಸೆಯಿಂದ ಮುಗಿಯುವ ದೋಷವಲ್ಲ ಅದು. ಮೂರನೆಯ ವಾರದಲ್ಲಿ ಬೆಂಗಳೂರಿನ ವೈದ್ಯರು ಕೈಗೆ ಹೋಗುವ ರಕ್ತನಾಳದಿಂದ ಶ್ವಾಸಕೋಶದ ರಕ್ತನಾಳಕ್ಕೆ ಒಂದು ಸಣ್ಣ ಕೊಳವೆ ಜೋಡಿಸಿದರು. ಮುಂದಿನ ಶಸ್ತ್ರಚಿಕಿತ್ಸೆ ಆರನೆಯ ತಿಂಗಳಲ್ಲಿ. ಅಲ್ಲಿಯವರೆಗೆ ಮಗುವಿನ ಉಸಿರು ಆ ಕೊಳವೆಯನ್ನೇ ನಂಬಿಕೊಂಡಿತ್ತು.

ಇಂಥ ಶಿಶುಗಳಲ್ಲಿ ಕೆಲವು ಮೊದಲ ಶಸ್ತ್ರಚಿಕಿತ್ಸೆ ಗೆದ್ದು ಮನೆಗೆ ಬಂದ ಮೇಲೆ ಹಠಾತ್ತನೆ ತೀರಿಕೊಳ್ಳುತ್ತವೆ. ಅದನ್ನು ತಡೆಯಲು ಅಮೆರಿಕದ ಮಿಲ್ವಾಕಿ ನಗರದ ಮಕ್ಕಳ ಆಸ್ಪತ್ರೆಯವರು 2000ದಲ್ಲಿ ಒಂದು ಸರಳ ಉಪಾಯ ಮಾಡಿದರು. ಹೃದಯದ ಎಡಭಾಗ ಬೆಳೆಯದೆ ಹುಟ್ಟಿದ ಶಿಶುಗಳ ತಾಯ್ತಂದೆಯರಿಗೆ ತೂಕದ ಯಂತ್ರವನ್ನೂ ಆಕ್ಸಿಮೀಟರನ್ನೂ ಕೊಟ್ಟು, ದಿನಾ ಅಳೆದು ಬರೆದಿಡಲು ಹೇಳಿದರು. 2003ರಲ್ಲಿ ಅವರು ಪ್ರಕಟಿಸಿದ ವರದಿಯಂತೆ, ಹೀಗೆ ನಿಗಾ ಇಟ್ಟ ಶಿಶುಗಳಲ್ಲಿ ಒಂದೂ ಎರಡು ಶಸ್ತ್ರಚಿಕಿತ್ಸೆಗಳ ನಡುವೆ ಸಾಯಲಿಲ್ಲ.

ನಮಗೂ ಅದೇ ಪಾಠವಾಯಿತು. ಆಮ್ಲಜನಕ 75ಕ್ಕಿಂತ ಇಳಿದರೆ, ಒಂದು ದಿನದಲ್ಲಿ 30 ಗ್ರಾಂ ತೂಕ ಕಳೆದರೆ, ಇಲ್ಲವೇ ಮೂರು ದಿನದಲ್ಲಿ 20 ಗ್ರಾಂ ಕೂಡ ಏರದಿದ್ದರೆ ತಕ್ಷಣ ಫೋನ್ ಮಾಡಬೇಕು. ಆಕ್ಸಿಮೀಟರ್ ಕೆಂಪು ಮತ್ತು ಅವಕೆಂಪು ಬೆಳಕನ್ನು ಚರ್ಮದ ಮೂಲಕ ಹಾಯಿಸಿ, ರಕ್ತ ಎಷ್ಟು ಹೀರಿಕೊಂಡಿತೆಂಬುದರಿಂದ ಆಮ್ಲಜನಕವನ್ನು ಲೆಕ್ಕ ಹಾಕುತ್ತದೆ. ವಿಜ್ಞಾನದ ಮೇಷ್ಟ್ರಲ್ಲವೇ, ಬರೆದಿಡುವ ಕೆಲಸ ನನ್ನ ಪಾಲಿಗೆ ಬಂತು. ದಿನಾ ಒಂದೇ ಹೊತ್ತು, ಹಾಲಿಗೆ ಮೊದಲು, ಬಟ್ಟೆ ಕಳಚಿ ತೂಗುತ್ತಿದ್ದೆವು.

ನಾಲ್ಕನೆಯ ತಿಂಗಳ ಒಂದು ಬೆಳಿಗ್ಗೆ. ಹಿಂದಿನ ದಿನ 5,120 ಗ್ರಾಂ ಇದ್ದ ಮಗು 5,070ಕ್ಕೆ ಇಳಿದಿತ್ತು. ಆಮ್ಲಜನಕ 79, ಹೆದರುವಂಥದ್ದಲ್ಲ. ರಾತ್ರಿ ಎರಡು ಸಲ ತೆಳುವಾಗಿ ಭೇದಿಯಾಗಿತ್ತು, ಅಷ್ಟೆ. ಮಗು ನಗುತ್ತಿತ್ತು. "ಯಂತ್ರದ ದೋಷವಿರಬೇಕು" ಎಂದೆ. ಮಗಳು ಮಾತಾಡದೆ ಪಕ್ಕದ ಅಂಗಡಿಯಿಂದ ಒಂದು ಕೆ.ಜಿ. ಬಟ್ಟು ತಂದು ಯಂತ್ರದ ಮೇಲಿಟ್ಟಳು. ಸರಿಯಾಗಿ 1,000 ತೋರಿಸಿತು. ಆದರೂ ನನ್ನ ಪೆನ್ನು 5,1 ಎಂದು ಬರೆದಾಗಿತ್ತು. ಅವಳು ನನ್ನ ಕೈ ಹಿಡಿದಳು. "ಅಪ್ಪ, ಬಂದದ್ದನ್ನು ಬರಿ."

ಫೋನ್ ಮಾಡಿದಾಗ ವೈದ್ಯರು ಕೂಡಲೇ ಹೊರಡಲು ಹೇಳಿದರು. ನಮ್ಮೂರಿಂದ ಬೆಂಗಳೂರಿಗೆ ಮೂರು ಗಂಟೆಯ ದಾರಿ. ದಾರಿಯಲ್ಲೇ ಭೇದಿ ಹೆಚ್ಚಾಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಕಣ್ಣು ತೆರೆಯಲೂ ಸೋತಿತ್ತು. ಮೈಯ ನೀರು ಕಡಿಮೆಯಾದರೆ ರಕ್ತ ಗಟ್ಟಿಯಾಗಿ ಆ ಕೊಳವೆ ಕಟ್ಟಿಕೊಳ್ಳಬಹುದಂತೆ. ನರಕ್ಕೆ ದ್ರವ ಕೊಟ್ಟರು. ನಾಲ್ಕು ದಿನಕ್ಕೆ ಮನೆಗೆ ಬಂದೆವು. ಆರನೆಯ ತಿಂಗಳಲ್ಲಿ ಎರಡನೆಯ ಶಸ್ತ್ರಚಿಕಿತ್ಸೆಯೂ ಆಯಿತು. ಈಗ ಅವಳು ಮನೆ ತುಂಬ ಓಡಾಡುತ್ತಾಳೆ. ಮೂರನೆಯದು ಇನ್ನೂ ಬಾಕಿ ಇದೆ.

ಆ ಪುಸ್ತಕ ನನ್ನ ಬಳಿಯೇ ಇದೆ. ಅದರಲ್ಲಿ 5,1 ಎಂದು ಬರೆದು ಹೊಡೆದುಹಾಕಿದ ಗುರುತನ್ನು ನನ್ನ ತರಗತಿಯ ಮಕ್ಕಳಿಗೆಲ್ಲ ತೋರಿಸುತ್ತೇನೆ. ಈಗ 10.6 ಎಂದು ಬರೆದವನಿಗೆ ಅಂಕ ಕಳೆಯುವುದಿಲ್ಲ, ಮತ್ತೊಮ್ಮೆ ಅಳೆಯಲು ಹೇಳುತ್ತೇನೆ. ತಾಯ್ತಂದೆಯರಲ್ಲಿ ಒಂದೇ ಕೋರಿಕೆ: ಮನೆಗೆ ಬಂದ ಮಗುವನ್ನು ಉತ್ತರ ಸರಿ ಬಂತೇ ಎಂದು ಕೇಳುವ ಮೊದಲು, ಬಂದದ್ದನ್ನೇ ಬರೆದೆಯಾ ಎಂದು ಕೇಳಿ.