ನಾಲ್ಕನೆಯ ಚಿತ್ರ

ಪ್ರಿಯ ಓದುಗರೇ, ತಾವು ಬಹುವಾಗಿ ಮೆಚ್ಚಿದ ಕಥಾನಾಯಕನೊಬ್ಬ ಕೆಲವು ವರ್ಷಗಳ ಬಳಿಕ ಮರಳಿ ಬಂದಾಗ, ‘ಇವನು ಅವನಲ್ಲ’ ಎಂದು ತಮಗೆ ಎಂದಾದರೂ ಅನಿಸಿದ್ದುಂಟೇ? ನನಗೆ ಹಾಗೆ ಅನಿಸಿದ್ದು ಹನ್ನೊಂದರ ವಯಸ್ಸಿನಲ್ಲಿ, ಬಾಳೆಹೊನ್ನೂರಿನ ಟೆಂಟ್ ಸಿನೆಮಾದಲ್ಲಿ.

ನನ್ನ ತಂದೆಯವರು ಕಾಫಿ ತೋಟವೊಂದರಲ್ಲಿ ರೈಟರಾಗಿದ್ದರು. ಮಲೆನಾಡಿನ ಮಳೆಗೆ ಟೆಂಟು ನಿಲ್ಲದು. ಆದ್ದರಿಂದ ನಮಗೆ ಬೇಸಿಗೆಯೇ ಸಿನೆಮಾ ಕಾಲ. ಚಿತ್ರಗಳು ದೊಡ್ಡ ಊರುಗಳನ್ನೆಲ್ಲ ಸುತ್ತಿ, ಗೆರೆಬಿದ್ದ ರೀಲುಗಳಾಗಿ ನಮ್ಮನ್ನು ತಲುಪುತ್ತಿದ್ದವು. ಅಪ್ಪನ ಮಗ್ಗುಲಲ್ಲಿ ನೆಲದ ಮೇಲೆ ಕುಳಿತು ನಾನು ಡಾ. ರಾಜ್‌ಕುಮಾರ್ ಅವರ ಸಿ.ಐ.ಡಿ. 999 ಚಿತ್ರಗಳನ್ನು ಕಂಡದ್ದು ಹಾಗೆಯೇ: 1968ರ ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿ.ಐ.ಡಿ. 999’, 1969ರ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’. ಕಪ್ಪು ಬಿಳುಪಿನ ನೆರಳುಗಳಲ್ಲಿ ಅಡಗಿದ್ದ ಅಪಾಯಕ್ಕೆ ನಾನು ಅಪ್ಪನ ತೋಳನ್ನು ಬಿಗಿಹಿಡಿಯುತ್ತಿದ್ದೆ.

ದೊರೈ-ಭಗವಾನ್ ಜೋಡಿ ನಾಲ್ಕನೆಯ ಚಿತ್ರ ‘ಆಪರೇಷನ್ ಡೈಮಂಡ್ ರಾಕೆಟ್’ಅನ್ನು ತಂದದ್ದು ಒಂಬತ್ತು ವರ್ಷಗಳ ನಂತರ, 1978ರಲ್ಲಿ. ಮರುವರ್ಷದ ಬೇಸಿಗೆಯಲ್ಲಿ ಅದು ನಮ್ಮೂರಿಗೆ ಬಂದಿತು. ಅಪ್ಪ ಅದಕ್ಕಾಗಿಯೇ ಚಿಲ್ಲರೆ ಕೂಡಿಟ್ಟಿದ್ದರು. ಈ ಸಲ ನೆಲವಲ್ಲ, ಕುರ್ಚಿ!

ಪರದೆ ತುಂಬ ಬಣ್ಣ, ನೇಪಾಳದ ನೋಟಗಳು, ಇಡಿಯಾಗಿ ಇಂಗ್ಲಿಷಿನಲ್ಲೇ ಇದ್ದ ಒಂದು ಹಾಡು. ಜನ ಶಿಳ್ಳೆ ಹಾಕಿದರು. ನನಗೆ ಮಾತ್ರ ಆ ನೆರಳು ಸಿಗಲಿಲ್ಲ, ಭಯವಾಗಲಿಲ್ಲ. ಮನೆಯ ದಾರಿಯುದ್ದಕ್ಕೂ ದೂರಿದೆ: ‘ಮೊದಲಿನ ಹಾಗಿಲ್ಲ ಅಪ್ಪ. ಅವರಿಗೂ ವಯಸ್ಸಾಗಿದೆ.’ ಟಾರ್ಚ್ ಹಿಡಿದು ಮುಂದೆ ನಡೆಯುತ್ತಿದ್ದ ಅಪ್ಪ ಬಹಳ ಹೊತ್ತಿನ ಮೇಲೆ, ‘ಹೋಗಲಿ ಬಿಡು ಮಗಾ, ಮುಂದಿನದು ಚೆನ್ನಾಗಿರುತ್ತೆ’ ಎಂದರು.

ಮುಂದಿನದು ಬರಲಿಲ್ಲ. ಆ ಸರಣಿಯಲ್ಲಿ ರಾಜ್‌ಕುಮಾರ್ ನಟಿಸಿದ ಕೊನೆಯ ಚಿತ್ರ ಅದು. ಅಪ್ಪನೊಡನೆ ನಾನು ನೋಡಿದ ಕೊನೆಯ ಚಿತ್ರವೂ ಅದೇ.

ಮುಂದೆ ಗುರುಮಠದ ಗ್ರಂಥಾಲಯದಲ್ಲಿ ಕಾನನ್ ಡಾಯ್ಲ್ ಅವರ ಸಂಗತಿಯೊಂದನ್ನು ಓದಿದೆ. ಷರ್ಲಾಕ್ ಹೋಮ್ಸ್‌ನನ್ನು 1893ರಲ್ಲಿ ಜಲಪಾತದ ಬಳಿ ಸಾಯಿಸಿ, 1903ರಲ್ಲಿ ಮತ್ತೆ ಕರೆತಂದ ಲೇಖಕ ಅವರು. ದೋಣಿಯವನೊಬ್ಬ ಅವರಿಗೆ, ಹೋಮ್ಸ್ ಬಿದ್ದಾಗ ಸಾಯದೇ ಇದ್ದಿರಬಹುದು, ಆದರೆ ಆಮೇಲೆ ಅವನು ಮೊದಲಿನ ಮನುಷ್ಯನಾಗಿ ಉಳಿಯಲಿಲ್ಲ ಎಂದನಂತೆ. ನಾನು ನಕ್ಕೆ, ಮರುಕ್ಷಣ ಆ ಕತ್ತಲ ದಾರಿ ನೆನಪಾಯಿತು.

1978ರಲ್ಲಿ ರಾಜ್‌ಕುಮಾರ್ ಅವರಿಗೆ 49 ವರ್ಷ. ಆ ವಯಸ್ಸನ್ನು ನಾನೀಗ ದಾಟಿದ್ದೇನೆ. ಈಚೆಗೆ ಆ ಚಿತ್ರವನ್ನು ಮತ್ತೆ ನೋಡಿದೆ. ಅದರ ಕೊರತೆಗಳು ಈಗಲೂ ಕಂಡವು. ಹನ್ನೊಂದರ ಹುಡುಗ ಸುಳ್ಳು ಹೇಳಿರಲಿಲ್ಲ. ಆದರೆ ಅವನು ನೋಡಿದ್ದು ಪರದೆಯನ್ನು ಮಾತ್ರ. ಪಕ್ಕದ ಕುರ್ಚಿಯಲ್ಲಿ, ಮಗನಿಗೆ ಖುಷಿಯಾಯಿತೇ ಎಂದು ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದ ಮುಖವನ್ನು ಅವನು ಗಮನಿಸಲಿಲ್ಲ. ಇಷ್ಟವಾಗಲಿಲ್ಲ ಎನ್ನುವುದು ತಪ್ಪಲ್ಲ, ಪ್ರಿಯರೇ. ಅದಕ್ಕೆ ಮೊದಲು, ಕರೆದೊಯ್ದವರಿಗೆ ಒಂದು ಒಳ್ಳೆಯ ಮಾತು ಸಲ್ಲಬೇಕಿತ್ತು.