ತಾಂಬಟ ಆಳಿಯ ಸುತ್ತಿಗೆ ಸದ್ದು

ಪುಣೆಯ ಶನಿವಾರವಾಡೆಯಿಂದ ನಡೆದೇ ಹೋಗುವಷ್ಟು ಹತ್ತಿರ, ಕಸಬಾ ಪೇಠೆಯಲ್ಲಿ ತಾಂಬಟ ಆಳಿ ಎಂಬ ಓಣಿಯಿದೆ. ತಾಮ್ರದ ಕೆಲಸಗಾರರ ಓಣಿ. ಒಂದು ಕಾಲಕ್ಕೆ ಮನೆಮನೆಯಿಂದ ಏಳುತ್ತಿದ್ದ ಸುತ್ತಿಗೆಯ ಠಣ್‌ಠಣ್ ಈಗ ಅಲ್ಲೊಂದು ಇಲ್ಲೊಂದು ಬಾಗಿಲಿನಿಂದಷ್ಟೇ ಕೇಳಿಬರುತ್ತದೆ.

ತಾಂಬಟರು ಪುಣೆಯ ಮೂಲದವರಲ್ಲ, ಕೊಂಕಣದಿಂದ ಘಟ್ಟ ಹತ್ತಿ ಬಂದವರು. ಪೇಶ್ವೆಗಳ ದರಬಾರಿಗೆ ತೋಪು, ನಾಣ್ಯ ಮಾಡಿಕೊಟ್ಟು ನೆಲೆ ಕಂಡವರು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿಯಿತು. ತೋಪು ಕೇಳುವ ದೊರೆ ಇಲ್ಲವಾದ ಮೇಲೂ ಅವರು ಉಳಿದದ್ದು ಹಂಡೆ, ಕೊಡ, ತಂಬಿಗೆಗಳ ಬಲದಿಂದ. ಅಂದರೆ ಅವರನ್ನು ಸಾಕಿದ್ದು ನಮ್ಮ ನಿಮ್ಮಂಥವರ ಅಡುಗೆಮನೆ, ಬಚ್ಚಲುಮನೆ.

ಬೆಳಗಾವಿ, ಧಾರವಾಡದ ಕಡೆಯವರಿಗೆ ಸ್ನಾನದ ನೀರು ಕಾಯಿಸುವ ತಾಮ್ರದ ಬಂಬ ಗೊತ್ತು. ನಡುವಿನ ಕೊಳವೆಯಲ್ಲಿ ಬೆಂಕಿ, ಸುತ್ತ ನೀರು, ಕೆಳಗೆ ಬೂದಿ. ನಾಲ್ಕು ತುಂಡು ಕಟ್ಟಿಗೆ, ಒಂದಿಷ್ಟು ತೆಂಗಿನ ಚಿಪ್ಪು ಹಾಕಿದರೆ ಮನೆಮಂದಿಯ ಸ್ನಾನವೆಲ್ಲ ಆಗುತ್ತಿತ್ತು. ಹಬ್ಬದ ಹಿಂದಿನ ದಿನ ಅವ್ವ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದಾಗ ಅದರ ಮೈ ಕೆಂಪಗೆ ಬೆಳಗುತ್ತಿತ್ತು. ಅದನ್ನು ಬಡಿದ ಕೈ ಯಾರದೆಂದು ಆಗ ನಾವು ಕೇಳಲಿಲ್ಲ.

ಆ ಕೈಯ ಕೆಲಸವನ್ನು ಕೂತು ನೋಡಬೇಕು. ಬಡಿದಷ್ಟೂ ತಾಮ್ರ ಬಿರುಸಾಗುತ್ತದೆ, ಹಾಗೇ ಬಡಿದರೆ ಸೀಳುತ್ತದೆ. ಆದ್ದರಿಂದ ಮತ್ತೆ ಮತ್ತೆ ಕಾಯಿಸಿ ಮೆತ್ತಗೆ ಮಾಡಿ ಬಡಿಯಬೇಕು. ಕೊನೆಗೆ ಬರುವುದು ಮಠಾರಕಾಮ. ಪಾತ್ರೆಯನ್ನು ಒಂದು ಕೈ ತಿರುಗಿಸುತ್ತ ಹೋದಂತೆ ಇನ್ನೊಂದು ಕೈಯ ಸುತ್ತಿಗೆ ಸಾಲುಸಾಲಾಗಿ ಬೀಳುತ್ತದೆ. ಅಳತೆಯ ಗೆರೆ ಇಲ್ಲ, ಗುರುತಿಲ್ಲ. ಆದರೂ ಒಂದು ಕುಳಿಯ ಅಂಚಿಗೆ ಇನ್ನೊಂದು ಕುಳಿ ತಾಗಿ ಕೂರುತ್ತದೆ. ಆ ಸಾವಿರಾರು ಕುಳಿಗಳಲ್ಲಿ ಬೆಳಕು ಒಡೆದು ಮಿಂಚುತ್ತದೆ. ಇದು ಬರೀ ಅಂದಕ್ಕಲ್ಲ, ಪಾತ್ರೆಗೆ ಗಟ್ಟಿತನ ಬರುವುದೂ ಈ ಪೆಟ್ಟಿನಿಂದಲೇ. ಜೀವಮಾನವಿಡೀ ಈ ಸದ್ದಿನಲ್ಲೇ ಕೂತವರ ಕಿವಿ ಮಂದವಾಗುತ್ತದೆ. ನಮ್ಮ ಬಿಸಿನೀರಿಗೆ ಅವರು ತೆತ್ತ ಬೆಲೆ ಅದು.

ಸ್ಟೀಲು ಬಂತು, ಅಲ್ಯುಮಿನಿಯಂ ಬಂತು, ಗೀಸರ್ ಬಂತು. ಯಂತ್ರದಲ್ಲಿ ಒತ್ತಿ ತೆಗೆದ ತಾಮ್ರದ ಬಾಟಲಿಯೂ ಬಂತು. ಪಾತ್ರೆಯ ಒಳಮೈಗೆ ತವರ ಬಳಿದುಕೊಡುತ್ತೇನೆಂದು ಬೀದಿಯಲ್ಲಿ ಕೂಗುತ್ತಿದ್ದ ಕಲಾಯಿಯವನು ಬರುವುದನ್ನು ನಿಲ್ಲಿಸಿದ. ನನಗೆ ಎಲ್ಲಕ್ಕಿಂತ ದೊಡ್ಡ ನಷ್ಟ ಅನ್ನಿಸುವುದು ಇದೇ. ತಾಮ್ರದ ಪಾತ್ರೆ ಒಮ್ಮೆ ಕೊಂಡು ಮುಗಿಸುವ ವಸ್ತುವಲ್ಲ. ಕಲಾಯಿಗೆಂದೋ ತೂತು ಮುಚ್ಚಿಸಲೆಂದೋ ಅದು ಕಸುಬಿನವರ ಬಳಿಗೆ ಮರಳುತ್ತಲೇ ಇರಬೇಕು. ಆ ಹೋಗಿಬರುವಿಕೆ ನಿಂತ ಮೇಲೆ ಅಜ್ಜಿಯ ಹಂಡೆ ಗುಜರಿಯವನ ತಕ್ಕಡಿ ಏರಿತು. ಅಲ್ಲಿ ತಾಮ್ರಕ್ಕೆ ಕಿಲೋ ಲೆಕ್ಕದ ದರವಿದೆ, ಸುತ್ತಿಗೆಯ ಪೆಟ್ಟಿಗೆ ದರವಿಲ್ಲ.

ನಿಮ್ಮ ಅಟ್ಟದ ಮೇಲೆ ಇನ್ನೂ ಒಂದು ಹಂಡೆಯೋ ಕೊಡವೋ ಇದ್ದರೆ ದಯವಿಟ್ಟು ತೂಕಕ್ಕೆ ಹಾಕಬೇಡಿ. ಇಳಿಸಿ ತಿಕ್ಕಿ, ಹತ್ತಿರದ ಪೇಟೆಯಲ್ಲಿ ಕಸುಬಿನವರು ಉಳಿದಿದ್ದರೆ ಒಯ್ದು ರಿಪೇರಿ ಮಾಡಿಸಿ, ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.