ಜರಗನಹಳ್ಳಿಯಿಂದ ಹೊಸಕೋಟೆಗೆ ಎರಡು ದಾರಿ

ಬನಶಂಕರಿ ಗುಡಿಯನ್ನು ದಾಟಿ ಕನಕಪುರ ರಸ್ತೆಯಲ್ಲಿ ದಕ್ಷಿಣಕ್ಕೆ ಸಾಗಿದರೆ, ಸಾರಕ್ಕಿ ಸಿಗ್ನಲ್ ಕಳೆದ ಮೇಲೆ ಜರಗನಹಳ್ಳಿ. ಹಳ್ಳಿ ಎನ್ನುವುದು ಈಗ ಹೆಸರಿನ ಬಾಲದಲ್ಲಿ ಮಾತ್ರ ಉಳಿದಿದೆ. ತಲೆಯ ಮೇಲೆ ಮೆಟ್ರೊ ಓಡುತ್ತದೆ. 2017ರ ಜೂನ್‌ನಲ್ಲಿ ಯಲಚೇನಹಳ್ಳಿಯವರೆಗೆ ಬಂದ ರೈಲು 2021ರ ಜನವರಿಯಲ್ಲಿ ಇನ್ನಷ್ಟು ಮುಂದಕ್ಕೆ ಹೋಯಿತು. ಈ ಊರಿನ ಹೆಸರನ್ನು ಕನ್ನಡ ಓದುಗರ ನಾಲಗೆಯ ಮೇಲೆ ಇರಿಸಿದವರು ಹನಿಗವನಗಳ ಕವಿ ಜರಗನಹಳ್ಳಿ ಶಿವಶಂಕರ್. ನಾಲ್ಕಾರು ಸಾಲಿನಲ್ಲಿ ಮಾತು ಮುಗಿಸುತ್ತಿದ್ದ ಅವರು 2021ರಲ್ಲಿ ತೀರಿಕೊಂಡರು. ಪಕ್ಕದ ಸಾರಕ್ಕಿ ಕೆರೆ ಒತ್ತುವರಿಗೆ ಸಿಕ್ಕಿ ಸೊರಗಿತ್ತು. 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ಒತ್ತುವರಿ ತೆರವು ಮಾಡಿಸಿತು. ಕೆರೆಯನ್ನಾದರೂ ಯಂತ್ರ ತಂದು ಬಿಡಿಸಿಕೊಳ್ಳಬಹುದು. ರಾತ್ರಿಯ ಆಕಾಶವನ್ನು ಬಿಡಿಸಿಕೊಳ್ಳುವುದು ಅಷ್ಟು ಸುಲಭವಲ್ಲ.

ಅದರ ಅರಿವಾಗಬೇಕಾದರೆ ಕನಕಪುರ ರಸ್ತೆಯ ಯಾವುದಾದರೂ ಕಲ್ಯಾಣ ಮಂಟಪದ ಮುಂದೆ ನಿಲ್ಲಬೇಕು. ತಾಳಿ ಕಟ್ಟಿ, ಸಪ್ತಪದಿ ತುಳಿದಾದ ಮೇಲೆ ಪುರೋಹಿತರು ವಧೂವರರನ್ನು ಹೊರಗೆ ಕರೆತಂದು ಉತ್ತರದ ಕಡೆ ಬೆರಳು ತೋರಿಸುತ್ತಾರೆ. 'ಅರುಂಧತಿ ಕಾಣಿಸಿತೇನಪ್ಪಾ?' 'ಕಾಣಿಸಿತು' ಎನ್ನುತ್ತಾನೆ ಮದುಮಗ. ಹಗಲು ಹನ್ನೊಂದು ಗಂಟೆಗೆ ಯಾವ ನಕ್ಷತ್ರ? ಅದು ಎಲ್ಲರೂ ಒಪ್ಪಿಕೊಂಡ ಸುಳ್ಳು. ಈಗ ರಾತ್ರಿ ಕೇಳಿದರೂ ಅದೇ ಸುಳ್ಳು ಹೇಳಬೇಕಾಗಿದೆ. ಜರಗನಹಳ್ಳಿ ಇರುವುದು ಬೆಂಗಳೂರಿನ ದಕ್ಷಿಣಕ್ಕೆ. ಇಲ್ಲಿಂದ ಉತ್ತರಕ್ಕೆ ನೋಡುವುದೆಂದರೆ ಇಡೀ ನಗರದ ದೀಪಗಳ ಮೇಲಿಂದ ನೋಡುವುದು. ಮಂಟಪದ ಸೀರಿಯಲ್ ಸೆಟ್ಟು, ಮೆಟ್ರೊ ಕಂಬಗಳ ಬೆಳಕು, ಅಂಗಡಿ ಫಲಕಗಳು, ಇವೆಲ್ಲ ಸೇರಿ ಸಪ್ತರ್ಷಿ ಮಂಡಲ ಇರುವ ಜಾಗಕ್ಕೆ ಕಿತ್ತಳೆ ಬಣ್ಣದ ಪರದೆ ಎಳೆದಿವೆ. ಚೈತ್ರ ಮಾಸದ ತಿಳಿ ರಾತ್ರಿಯಲ್ಲಿ ಏಳು ಋಷಿಗಳಲ್ಲಿ ನಾಲ್ಕೈದು ಮಂದಿ ಸಿಕ್ಕಾರು. ವಸಿಷ್ಠನ ಮಗ್ಗುಲಿನ ಅರುಂಧತಿ ಸಿಗುವುದು ಕಷ್ಟ.

ಅದೇ ಸಪ್ತರ್ಷಿ ಮಂಡಲದ ಗಡಿಯೊಳಗೆ, ಏಳು ನಕ್ಷತ್ರಗಳ ಗುಂಪಿನಿಂದ ಕೊಂಚ ಪಶ್ಚಿಮಕ್ಕೆ, ಪುಲಹ ನಕ್ಷತ್ರದಿಂದ ಸುಮಾರು 11 ಡಿಗ್ರಿ ದೂರದಲ್ಲಿ ಇನ್ನೊಂದು ಜೋಡಿ ಇದೆ. ಬರಿಗಣ್ಣಿಗೆ ಅದು ಎಂದೂ ಕಂಡದ್ದಲ್ಲ, ಕಾಣುವುದೂ ಇಲ್ಲ. ಅದಕ್ಕೊಂದು ಮುದ್ದಾದ ಹೆಸರೂ ಇಲ್ಲ. ಎಸ್‌ಡಿಎಸ್‌ಎಸ್ ಜೆ1001+5027 ಎಂದು ಪಟ್ಟಿಯಲ್ಲಿ ಬರೆದುಕೊಂಡಿದ್ದಾರೆ. ಅರುಂಧತಿ-ವಸಿಷ್ಠರ ನಡುವೆ ಕಾಣುವ ಅಂತರವನ್ನು 250 ಪಾಲು ಮಾಡಿದರೆ ಒಂದು ಪಾಲಿನಷ್ಟಾಗುತ್ತದೆ ಈ ಜೋಡಿಯ ನಡುವಿನ ಅಂತರ. ಆದರೆ ನಿಜವಾದ ವ್ಯತ್ಯಾಸ ಅಂತರದ್ದಲ್ಲ. ಅರುಂಧತಿಯೂ ವಸಿಷ್ಠನೂ ಎರಡು ಬೇರೆ ನಕ್ಷತ್ರಗಳು. ಇಲ್ಲಿ ಎರಡಾಗಿ ಕಾಣುವುದು ಒಂದೇ ವಸ್ತು.

ಆ ವಸ್ತು ಒಂದು ಕ್ವೇಸಾರ್. ದೂರದ ಗೆಲಾಕ್ಸಿಯೊಂದರ ನಡುವೆ ಕುಳಿತ ಭಾರಿ ಕಪ್ಪುಕುಳಿಗೆ ಸುತ್ತಲಿನ ಅನಿಲ ಸುರಿದು ಬೀಳುವಾಗ ಕಾದು ಉರಿಯುವ ಬೆಳಕು ಅದು. ಅದರ ಬೆಳಕು ನಮ್ಮನ್ನು ಮುಟ್ಟಲು ಸುಮಾರು 1,000 ಕೋಟಿ ವರ್ಷ ಹಿಡಿದಿದೆ. ಅದು ಹೊರಟಾಗ ಭೂಮಿಯೂ ಇರಲಿಲ್ಲ, ಸೂರ್ಯನೂ ಇರಲಿಲ್ಲ. ದಾರಿಯಲ್ಲಿ ಅದಕ್ಕೆ ಇನ್ನೊಂದು ಗೆಲಾಕ್ಸಿ ಅಡ್ಡ ಬಂತು. ದ್ರವ್ಯರಾಶಿ ಇರುವ ಕಡೆ ಬೆಳಕು ಬಾಗುತ್ತದೆ. ಹಾಗಾಗಿ ಅಡ್ಡ ನಿಂತ ಗೆಲಾಕ್ಸಿಯ ಈ ಮಗ್ಗುಲಿನಿಂದ ಒಂದು ಕಿರಣ, ಆ ಮಗ್ಗುಲಿನಿಂದ ಇನ್ನೊಂದು ಕಿರಣ ಬಾಗಿ ಬಂದು ಭೂಮಿಯಲ್ಲಿ ಸೇರಿದವು. ಗೆಲಾಕ್ಸಿಯೇ ಒಂದು ಮಸೂರದಂತೆ ಕೆಲಸ ಮಾಡಿತು. ವಿಜ್ಞಾನಿಗಳು ಇದನ್ನು ಗುರುತ್ವ ಮಸೂರ ಎನ್ನುತ್ತಾರೆ. ಈ ಜೋಡಿ ಅಂಥದ್ದೆಂದು ಪತ್ತೆಯಾದದ್ದು 2005ರಲ್ಲಿ.

ಗುರುತ್ವ ಮಸೂರದ ಲೆಕ್ಕವನ್ನು ಐನ್‌ಸ್ಟೈನ್ 1936ರಲ್ಲೇ ಪ್ರಕಟಿಸಿದ್ದರು, ಅದೂ ಒಬ್ಬ ಹವ್ಯಾಸಿ ಎಂಜಿನಿಯರನ ಒತ್ತಾಯಕ್ಕೆ. ಒಂದು ನಕ್ಷತ್ರ ಇನ್ನೊಂದರ ಮುಂದೆ ಬಂದು ಹೀಗಾಗುವುದನ್ನು ಕಣ್ಣಾರೆ ಕಾಣುವ ಸಂಭವ ಕಡಿಮೆ ಎಂಬುದು ಅವರ ಅನಿಸಿಕೆ. ನಕ್ಷತ್ರವನ್ನು ಬಿಟ್ಟು ಗೆಲಾಕ್ಸಿಗಳನ್ನು ನೋಡಿ ಎಂದು ಮರುವರ್ಷವೇ ಹೇಳಿದವರು ಫ್ರಿಟ್ಸ್ ಜ್ವಿಕಿ. ಅವರ ಮಾತು ನಿಜವಾಗಲು 1979 ಬರಬೇಕಾಯಿತು. ಮೊದಲು ಸಿಕ್ಕಿದ ಅವಳಿ ಕ್ವೇಸಾರ್ ಕೂಡ ಇದೇ ಸಪ್ತರ್ಷಿ ಮಂಡಲದಲ್ಲಿದ್ದದ್ದು ಒಂದು ಸೋಜಿಗ.

ಈಗ ಜರಗನಹಳ್ಳಿಯ ಮದುವೆಗೆ ಹಿಂದಿರುಗೋಣ. ಗಂಡಿನ ಊರು ಹೊಸಕೋಟೆ. ಬೀಗರೂಟಕ್ಕೆ ಮಂಟಪದ ಮುಂದಿನಿಂದ ಎರಡು ಬಸ್ಸು ಒಂದೇ ಗಳಿಗೆಯಲ್ಲಿ ಹೊರಡುತ್ತವೆ. ಒಂದರ ಡ್ರೈವರು ಊರೊಳಗಿನ ದಾರಿ ಹಿಡಿಯುತ್ತಾನೆ: ಬನಶಂಕರಿ, ಸೌತ್ ಎಂಡ್, ಲಾಲ್‌ಬಾಗು, ಹಲಸೂರು, ಹಳೆ ಮದ್ರಾಸು ರಸ್ತೆ. ಇನ್ನೊಬ್ಬ ಸಾರಕ್ಕಿ ಸಿಗ್ನಲ್ಲಿನಲ್ಲಿ ತಿರುಗಿ ಹೊರವರ್ತುಲ ರಸ್ತೆಗೆ ಬೀಳುತ್ತಾನೆ: ಬಿ.ಟಿ.ಎಂ. ಬಡಾವಣೆ, ಸಿಲ್ಕ್ ಬೋರ್ಡು, ಮಾರತಹಳ್ಳಿ. ಎರಡೂ ಕೂಡುವುದು ಟಿನ್ ಫ್ಯಾಕ್ಟರಿಯ ಬಳಿ. ಮೊದಲು ತಲುಪಿದ ಬಸ್ಸಿನವರು ಅಲ್ಲಿ ಇಳಿದು ಟೀ ಕುಡಿಯುತ್ತಾ, ಎರಡನೆಯದಕ್ಕಾಗಿ ಕಾಯುತ್ತಾ, ಡ್ರೈವರನನ್ನು ಬೈಯುತ್ತಾ ನಿಲ್ಲುತ್ತಾರೆ.

ಟಿನ್ ಫ್ಯಾಕ್ಟರಿಯ ಟೀ ಅಂಗಡಿಯಲ್ಲಿ ಬೆಂಗಳೂರನ್ನೇ ನೋಡದ ಒಬ್ಬ ಕುಳಿತಿದ್ದಾನೆ ಎಂದುಕೊಳ್ಳಿ. ಅವನ ಕೈಯಲ್ಲಿ ನಗರದ ನಕ್ಷೆ ಇದೆ, ಆದರೆ ಒಂದು ಅಂಗುಲಕ್ಕೆ ಎಷ್ಟು ಮೈಲಿ ಎಂದು ಬರೆದಿದ್ದ ಮೂಲೆ ಹರಿದುಹೋಗಿದೆ. ರಸ್ತೆಗಳ ಆಕಾರ ಗೊತ್ತು, ಊರು ದೊಡ್ಡದೋ ಚಿಕ್ಕದೋ ಗೊತ್ತಿಲ್ಲ. ಎರಡು ಬಸ್ಸುಗಳ ನಡುವೆ ಕಳೆದ ಸಮಯವನ್ನು ಅವನು ಗಡಿಯಾರದಲ್ಲಿ ನೋಡಿಕೊಂಡರೆ ಹರಿದ ಮೂಲೆ ಸಿಕ್ಕಿದಂತೆಯೇ. ನಾರ್ವೆಯ ಸ್ಯೂರ್ ರೆಫ್ಸ್‌ಡಾಲ್ 1964ರಲ್ಲಿ ಹೇಳಿದ್ದು ಇದನ್ನೇ. ಮಸೂರದ ಎರಡು ಬಿಂಬಗಳ ನಡುವಿನ ಕೋನ ವಿಶ್ವದ ಆಕಾರದ ನಕ್ಷೆ ಕೊಡುತ್ತದೆ, ಅಳತೆ ಕೊಡುವುದಿಲ್ಲ. ಬೆಳಕು ಒಂದು ದಾರಿಯಲ್ಲಿ ಬಂದು ಮುಟ್ಟಿದ್ದಕ್ಕೂ ಇನ್ನೊಂದು ದಾರಿಯಲ್ಲಿ ಬಂದು ಮುಟ್ಟಿದ್ದಕ್ಕೂ ಇರುವ ಸಮಯದ ಅಂತರ ತಿಳಿದರೆ ಅಳತೆಯೂ ಸಿಗುತ್ತದೆ. ಅದರಿಂದ ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂಬ ಹಬಲ್ ಸ್ಥಿರಾಂಕವೂ.

ಆದರೆ ಸಿಲ್ಕ್ ಬೋರ್ಡನ್ನು ಮರೆಯುವಂತಿಲ್ಲ. ಬಸ್ಸು ತಡವಾಗಲು ದಾರಿ ಉದ್ದವಾದದ್ದೊಂದೇ ಕಾರಣವಲ್ಲ, ನಡುವೆ ಸಿಕ್ಕಿಕೊಂಡ ಜಂಗುಳಿಯೂ ಕಾರಣ. ಬೆಳಕಿಗೂ ಹಾಗೆಯೇ. ಗೆಲಾಕ್ಸಿಯ ದ್ರವ್ಯರಾಶಿಗೆ ಹತ್ತಿರವಾಗಿ ಹಾದ ಕಿರಣ, ನಮ್ಮ ಗಡಿಯಾರದ ಲೆಕ್ಕದಲ್ಲಿ, ನಿಧಾನವಾಗುತ್ತದೆ. ದಾರಿಯ ಉದ್ದ, ಈ ನಿಧಾನ ಎರಡೂ ಸೇರಿದ ಒಟ್ಟು ಪ್ರಯಾಣಕಾಲವನ್ನು ಒಂದು ಬೆಟ್ಟಗುಡ್ಡದ ನಕ್ಷೆಯಂತೆ ಬರೆದರೆ, ಅದರ ಕಣಿವೆ, ಶಿಖರ, ಕಣಿವೆದಾರಿಗಳು ಇರುವಲ್ಲೇ ಬಿಂಬಗಳು ಮೂಡುತ್ತವೆ. ಇದನ್ನು 1986ರಲ್ಲಿ ಅಚ್ಚುಕಟ್ಟಾಗಿ ವಿವರಿಸಿದ ಇಬ್ಬರಲ್ಲಿ ರಮೇಶ್ ನಾರಾಯಣ್ ಒಬ್ಬರು. ಅವರು ಅಮೆರಿಕಕ್ಕೆ ಹೋಗುವ ಮುಂಚೆ ಕೆಲಸ ಮಾಡುತ್ತಿದ್ದದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಅವರ ಜೊತೆಗಾರ ರೋಜರ್ ಬ್ಲಾಂಡ್‌ಫರ್ಡ್.

ಟಿನ್ ಫ್ಯಾಕ್ಟರಿ ದಾಟಿ, ಕೆ.ಆರ್. ಪುರದ ತೂಗುಸೇತುವೆ ಕಳೆದು, ಹೊಸಕೋಟೆಯ ದೊಡ್ಡ ಕೆರೆಯ ಮಗ್ಗುಲಿಗೆ ಬಂದರೆ ಆ ಊರು. ಬೆಂಗಳೂರಿನವರಿಗೆ ಹೊಸಕೋಟೆ ಎಂದರೆ ಬೆಳಗಿನ ಜಾವದ ಬಿರಿಯಾನಿ. ಕತ್ತಲಿರುವಾಗಲೇ ಕಾರು ಹತ್ತಿ ಹೋಗಿ ಸಾಲು ನಿಲ್ಲುತ್ತಾರೆ. ಅದೇ ಕತ್ತಲಲ್ಲಿ ಇಲ್ಲಿ ಬೇರೆ ಕೆಲಸದ ಮೇಲೆ ಎಚ್ಚರವಾಗಿರುವವರು ಇದ್ದಾರೆಂಬುದು ಆ ಸಾಲಿನಲ್ಲಿ ಎಷ್ಟು ಮಂದಿಗೆ ಗೊತ್ತೋ. ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಕ್ರೆಸ್ಟ್ ಎಂಬ ಕೇಂದ್ರ ಹೊಸಕೋಟೆಯ ಬಳಿ ಇದೆ. ಅಲ್ಲಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತವರು ನಡೆಸುವ ದೂರದರ್ಶಕ ಇರುವುದು ಸುಮಾರು 2,200 ಕಿ.ಮೀ. ಉತ್ತರಕ್ಕೆ, ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ 4,500 ಮೀಟರ್ ಎತ್ತರದ ಬೆಟ್ಟದ ಮೇಲೆ. ಎರಡು ಮೀಟರ್ ಅಗಲದ ಕನ್ನಡಿಯ ಅದಕ್ಕೆ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ನೆನಪಿಗೆ ಹಿಮಾಲಯನ್ ಚಂದ್ರ ದೂರದರ್ಶಕ ಎಂದು ಹೆಸರು. 2000ದಲ್ಲಿ ಮೊದಲ ಬೆಳಕು ಕಂಡು, 2001ರಲ್ಲಿ ದೇಶಕ್ಕೆ ಸಮರ್ಪಿತವಾಯಿತು.

ಹಾನ್ಲೆಯಲ್ಲಿ ಚಳಿಗಾಲದ ರಾತ್ರಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿಗೂ ಕೆಳಗಿಳಿಯುತ್ತದೆ, ಉಸಿರಾಡಲು ಗಾಳಿ ಸಾಲದು. ರಾತ್ರಿಯೆಲ್ಲ ಕುಳಿತು ತಲೆ ಓಡಿಸುವ ಜಾಗವಲ್ಲ ಅದು. ಉಪಗ್ರಹದ ಮೂಲಕ ಆಜ್ಞೆ ಹೋಗುತ್ತದೆ, ದೂರದರ್ಶಕ ಅತ್ತ ತಿರುಗುತ್ತದೆ, ಚಿತ್ರ ಇತ್ತ ಬರುತ್ತದೆ. ಎರಡೂ ಊರು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿರುವುದರಿಂದ ಇಬ್ಬರಿಗೂ ನಡುರಾತ್ರಿ ಒಟ್ಟಿಗೇ ಆಗುತ್ತದೆ. ಹೊಸಕೋಟೆಯಲ್ಲಿ ಮಳೆ ಹೊಡೆಯುತ್ತಿದ್ದಾಗ ಒಳಗಿನ ಪರದೆಯ ಮೇಲೆ ಲಡಾಖಿನ ನಿರ್ಮಲ ಆಕಾಶ ಕಾಣಬಹುದು.

ಎಸ್‌ಡಿಎಸ್‌ಎಸ್ ಜೆ1001+5027ರ ಎರಡು ಬಿಂಬಗಳನ್ನು ಕಾದ ದೂರದರ್ಶಕಗಳಲ್ಲಿ ಇದೂ ಒಂದು. ಇನ್ನೆರಡು ಉಜ್ಬೇಕಿಸ್ತಾನದ ಮೈದಾನಕ್ ಮತ್ತು ಸ್ಪೇನಿಗೆ ಸೇರಿದ ಲಾ ಪಾಲ್ಮಾ ದ್ವೀಪದಲ್ಲಿದ್ದವು. ಮಾಡಬೇಕಾದ ಕೆಲಸ ಹೇಳಲು ಸುಲಭ. ಕ್ವೇಸಾರಿನ ಬೆಳಕು ಏಕಪ್ರಕಾರವಾಗಿರುವುದಿಲ್ಲ. ತಿಂಗಳುಗಟ್ಟಲೆಯಲ್ಲಿ ಏರುತ್ತದೆ, ಇಳಿಯುತ್ತದೆ. ಇದರಲ್ಲಿ ಆ ಏರಿಳಿತ ಸುಮಾರು ಶೇ. 20ರಷ್ಟು. ಮೊದಲ ಬಿಂಬದಲ್ಲಿ ಕಂಡ ಏರಿಳಿತವೇ ಎರಡನೆಯದರಲ್ಲಿ ಎಷ್ಟು ದಿನ ಬಿಟ್ಟು ಮರಳುತ್ತದೆ ಎಂದು ಗಮನಿಸಬೇಕು, ಅಷ್ಟೆ. ಮಾಡಲು ಹೊರಟರೆ ಒಂದೊಂದೇ ತೊಡಕು. ವರ್ಷದಲ್ಲಿ ಕೆಲವು ತಿಂಗಳು ಸೂರ್ಯ ಅದೇ ದಿಕ್ಕಿಗೆ ಬಂದು ನೋಡಲು ಬಿಡುವುದಿಲ್ಲ. ಮೊದಲ ಬಿಂಬದಲ್ಲಿ ಕಂಡದ್ದು ಎರಡನೆಯದರಲ್ಲಿ ಬರುವ ಹೊತ್ತಿಗೆ ಬಾಗಿಲು ಮುಚ್ಚಿರಬಹುದು. ಸಾಲದ್ದಕ್ಕೆ ನಡುವಿನ ಗೆಲಾಕ್ಸಿಯ ಬಿಡಿ ನಕ್ಷತ್ರಗಳು ತಮ್ಮ ಪಾಡಿಗೆ ತಾವು ಕಿರಿ ಮಸೂರಗಳಾಗಿ ಒಂದು ಬಿಂಬವನ್ನು ಮಾತ್ರ ಉಜ್ಜಿ ಬೆಳಗಿಸುತ್ತವೆ. ಆಗ ಎರಡು ಕಥೆ ತಾಳೆಯಾಗುವುದಿಲ್ಲ.

ಹೀಗೆ ಕಾದದ್ದು ಆರು ವರ್ಷಕ್ಕೂ ಹೆಚ್ಚು, 2005ರ ಮಾರ್ಚಿನಿಂದ 2011ರ ಜುಲೈವರೆಗೆ. ಮೂರೂ ಕಡೆಯಿಂದ ಕೂಡಿಬಂದ ಅಳತೆಗಳು 443. ಭಾರತೀಯ ಖಭೌತ ಸಂಸ್ಥೆಯ ಎಸ್. ರತ್ನಕುಮಾರ್ ಮೊದಲ ಲೇಖಕರಾಗಿ, ಅದೇ ಸಂಸ್ಥೆಯ ಸಿ.ಎಸ್. ಸ್ಟಾಲಿನ್, ಟಿ.ಪಿ. ಪ್ರಭು ಹಾಗೂ ಯುರೋಪ್, ಉಜ್ಬೇಕಿಸ್ತಾನದ ಸಂಗಾತಿಗಳ ಜೊತೆ 2013ರಲ್ಲಿ ಪ್ರಕಟಿಸಿದ ಉತ್ತರ: 119.3 ದಿನ, ತಪ್ಪಿದರೆ 3.3 ದಿನ ಆಚೆ ಈಚೆ. ಒಂದೇ ಲೆಕ್ಕವನ್ನು ನಂಬದೆ ಐದು ಬೇರೆ ಬೇರೆ ವಿಧಾನದಿಂದ ತೆಗೆದ ಉತ್ತರವದು. 1,000 ಕೋಟಿ ವರ್ಷ ನಡೆದು ಬಂದ ಇಬ್ಬರು ಪಯಣಿಗರ ನಡುವೆ ನಾಲ್ಕು ತಿಂಗಳ ವ್ಯತ್ಯಾಸ. ಟಿನ್ ಫ್ಯಾಕ್ಟರಿಯಲ್ಲಿ ಕಾಯುವವರು ಇದನ್ನು ಕೇಳಿದರೆ ತಮ್ಮ ಡ್ರೈವರನನ್ನು ಕ್ಷಮಿಸಿಯಾರು.

ಇಷ್ಟು ಶ್ರಮಪಟ್ಟು ತಿಳಿಯಬೇಕಾದದ್ದು ಏನು ಎಂದರೆ, ಈಗ ವಿಜ್ಞಾನದಲ್ಲಿ ನಡೆದಿರುವ ಒಂದು ದೊಡ್ಡ ವ್ಯಾಜ್ಯಕ್ಕೆ ಇದು ಸಾಕ್ಷಿ. ವಿಶ್ವದ ಬಾಲ್ಯದ ಮಂದ ಪ್ರಭೆಯನ್ನು ಅಳೆದ ಪ್ಲಾಂಕ್ ಉಪಗ್ರಹದ ಲೆಕ್ಕದಲ್ಲಿ ಹಬಲ್ ಸ್ಥಿರಾಂಕ ಸುಮಾರು 67. ಹತ್ತಿರದ ನಕ್ಷತ್ರಗಳನ್ನೂ ಸೂಪರ್‌ನೋವಾಗಳನ್ನೂ ಮೆಟ್ಟಿಲು ಮಾಡಿಕೊಂಡು ಅಳೆದವರಿಗೆ ಸಿಕ್ಕಿದ್ದು ಸುಮಾರು 73. ಎರಡು ಕಡೆಯವರೂ ತಮ್ಮ ತಪ್ಪಿನ ಅಂದಾಜು ಇಷ್ಟು ದೊಡ್ಡದಲ್ಲ ಎನ್ನುತ್ತಾರೆ. ಎರಡೂ ಸರಿಯಾಗಿದ್ದರೆ ವಿಶ್ವದ ಬಗ್ಗೆ ಕಲಿತ ಪಾಠದಲ್ಲೇ ಏನೋ ಬಿಟ್ಟುಹೋಗಿರಬೇಕು. ಗುರುತ್ವ ಮಸೂರ ಈ ಎರಡು ಮನೆಗೂ ಸೇರದ ಮೂರನೆಯ ಸಾಕ್ಷಿ. ಆರು ಮಸೂರಗಳನ್ನು ಒಟ್ಟುಗೂಡಿಸಿದ ಒಂದು ತಂಡ 73ರ ಪಕ್ಷ ಹಿಡಿಯಿತು. ಆದರೆ 2020ರಲ್ಲಿ ಹೊಸ ವಿಶ್ಲೇಷಣೆ ಬಂದು, ಮಸೂರವಾದ ಗೆಲಾಕ್ಸಿಯೊಳಗೆ ದ್ರವ್ಯರಾಶಿ ಹೇಗೆ ಹರಡಿದೆ ಎಂಬ ಊಹೆಯನ್ನು ಸಡಿಲಿಸಿದರೆ ಸಾಕ್ಷಿಯ ಮಾತು ಅಷ್ಟು ಖಚಿತವಾಗಿ ಉಳಿಯುವುದಿಲ್ಲ ಎಂದು ತೋರಿಸಿತು. ಮತ್ತೆ ಅದೇ ಸಿಲ್ಕ್ ಬೋರ್ಡು. ಗಡಿಯಾರ ಎಷ್ಟೇ ನಿಖರವಾಗಿರಲಿ, ಅಲ್ಲಿ ಎಷ್ಟು ಗಾಡಿ ನಿಂತಿದ್ದವು ಎಂದು ತಿಳಿಯದೆ ಊರಿನ ಅಳತೆ ಸಿಗದು.

ವಾದ ಮುಗಿಯಲು ಇನ್ನಷ್ಟು ಮಸೂರಗಳು, ಇನ್ನಷ್ಟು ರಾತ್ರಿಗಳು ಬೇಕು. ಕತ್ತಲೂ ಬೇಕು. 2022ರಲ್ಲಿ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ಕತ್ತಲ ಆಕಾಶದ ರಕ್ಷಿತ ತಾಣವೆಂದು ಘೋಷಿಸಲಾಯಿತು. ಅಲ್ಲಿನ ಹಳ್ಳಿಗರು ತಮ್ಮ ಮನೆಯ ದೀಪಕ್ಕೆ ಮರೆ ಕಟ್ಟುವುದನ್ನು ಕಲಿತರು. ಹಾನ್ಲೆಯಂಥ ಊರಿನವರು ದೀಪ ತಗ್ಗಿಸಿಕೊಂಡಿದ್ದರಿಂದ, ನಕ್ಷತ್ರ ಕಾಣದ ಬೆಂಗಳೂರಿನ ಹೊರವಲಯದಲ್ಲಿ ಕುಳಿತವರಿಗೆ ಸಪ್ತರ್ಷಿ ಮಂಡಲ ಸಿಗುತ್ತಿದೆ ಎಂಬುದನ್ನು ಬೆಂಗಳೂರಿಗರು ಒಮ್ಮೆಯಾದರೂ ನೆನೆಯಬೇಕು.

ಮೂಡಣ ಬೆಳಗಾಗುವ ಹೊತ್ತಿಗೆ ಹಾನ್ಲೆಯ ಗುಮ್ಮಟ ಮುಚ್ಚುತ್ತದೆ. ಹೊಸಕೋಟೆಯಲ್ಲಿ ಬಿರಿಯಾನಿ ಹಂಡೆಯ ಮುಚ್ಚಳ ತೆಗೆಯುತ್ತಾರೆ. ಕೆರೆಯ ಪಕ್ಕ ಬೆಂಗಳೂರಿಗೆ ಹೋಗುವ ಬಸ್ಸುಗಳು ಒಂದರ ಹಿಂದೊಂದು ಬರುತ್ತವೆ. ಜರಗನಹಳ್ಳಿಗೆ ಹೋಗಬೇಕಾದವರು ಟಿನ್ ಫ್ಯಾಕ್ಟರಿಯಲ್ಲಿ ಇಳಿದು, ಊರೊಳಗಿನ ಬಸ್ಸು ಹತ್ತುವುದೋ ಹೊರವರ್ತುಲ ರಸ್ತೆಯದನ್ನು ಹಿಡಿಯುವುದೋ ಎಂದು ಕಂಡಕ್ಟರನನ್ನು ಕೇಳುತ್ತಾರೆ. ಅವನು ಗಡಿಯಾರ ನೋಡಿಕೊಂಡು, ಸಿಲ್ಕ್ ಬೋರ್ಡಿನ ಕಡೆ ಕೈ ಅಲ್ಲಾಡಿಸುತ್ತಾನೆ.